ಹಿಂದಕ್ಕೆ ಬರುವ ಕಾಲು

ಕಬಡ್ಡಿ ನೋಡುವುದಕ್ಕೆ ನನ್ನದೇ ಒಂದು ಜಾಗ ಇದೆ. ಜನ ಸಾಮಾನ್ಯವಾಗಿ ನಡುಗೆರೆಯ ನೇರಕ್ಕೆ ಒತ್ತರಿಸಿ ಕೂರುತ್ತಾರೆ. ಮುಟ್ಟಿದ್ದು, ಬಿಟ್ಟದ್ದು, ಅಂಪೈರು ಕೈಯೆತ್ತಿದ್ದು ಎಲ್ಲ ಅಲ್ಲಿಂದ ಸಲೀಸಾಗಿ ಕಾಣುತ್ತದೆ. ನಾನು ಕೂರುವುದು ಹಿಂಗೆರೆಯ ಮೂಲೆಯಲ್ಲಿ, ಎರಡು ಮಾರು ದೂರ ಬಿಟ್ಟು, ನೆಲಕ್ಕೆ. ರೈಡಿಗೆ ಬಂದವನ ಎರಡು ಪಾದ, ಅವನನ್ನು ಹಿಡಿಯಲು ಕಾದವರ ಹಿಮ್ಮಡಿಗಳು, ಅಲ್ಲಿಂದ ಕಣ್ಣಿನ ಮಟ್ಟಕ್ಕೆ ಸಿಗುವುದು ಇಷ್ಟೇ. ನನಗೆ ಬೇಕಾದದ್ದೂ ಇಷ್ಟೇ.

ನಮ್ಮ ಸಂತೆಬಾಚಹಳ್ಳಿ ಹೋಬಳಿಯ ಸುತ್ತಮುತ್ತ ಗಣಪತಿ ಹಬ್ಬ ಬಂತೆಂದರೆ ಹೊನಲು ಬೆಳಕಿನ ಕಬಡ್ಡಿ ಶುರುವಾಯಿತು ಎಂದೇ ಲೆಕ್ಕ. ರಾಜ್ಯೋತ್ಸವಕ್ಕೆ ಒಂದು ಊರು, ಊರಹಬ್ಬಕ್ಕೆ ಇನ್ನೊಂದು ಊರು. ಕೆಮ್ಮಣ್ಣು ತಂದು ಸುರಿದು, ಕಲ್ಲು ಆಯ್ದು, ನೀರು ಚಿಮುಕಿಸಿ ತುಳಿದು, ಸಂಜೆ ಹೊತ್ತಿಗೆ ಸುಣ್ಣದ ಗೆರೆ ಎಳೆಯುತ್ತಾರೆ. ಹದಿಮೂರು ಮೀಟರ್ ಉದ್ದ, ಹತ್ತು ಮೀಟರ್ ಅಗಲ. ಮೊದಲ ಪಂದ್ಯ ಶುರುವಾಗುವಾಗ ಒಂಬತ್ತು ಗಂಟೆಯಾದರೆ ಫೈನಲ್ ಮುಗಿಯುವಾಗ ಕೋಳಿ ಕೂಗಿರುತ್ತದೆ. ಗೆದ್ದವರು ಟ್ರೋಫಿಯ ಜೊತೆ ಟಗರನ್ನೂ ಹೆಗಲ ಮೇಲೆ ಹೊತ್ತು ಟೆಂಪೊ ಹತ್ತುತ್ತಾರೆ. ಯಾವ ತಂಡ ಗೆದ್ದಿತೆಂಬುದು ನನಗೆ ಎಷ್ಟೋ ಸಲ ಮರುದಿನಕ್ಕೆ ನೆನಪಿರುವುದಿಲ್ಲ. ಯಾವ ಊರಿನ, ಯಾವ ಬಣ್ಣದ ಬನೀನಿನ ಹುಡುಗ ಹೇಗೆ ತಿರುಗಿದ ಎಂಬುದು ಮಾತ್ರ ನೋಟ್‌ಬುಕ್ಕಿನಲ್ಲಿ ಇರುತ್ತದೆ.

ಈ ಕಣ್ಣು ನನಗೆ ಬಂದದ್ದು ಹೇಮಗಿರಿಯ ದನಗಳ ಜಾತ್ರೆಯಿಂದ. ಚಿಕ್ಕಂದಿನಲ್ಲಿ ಅಪ್ಪ ಹಳ್ಳಿಕಾರ್ ಹೋರಿಗರು ಹುಡುಕಲು ಹೊರಟರೆ ನನ್ನನ್ನೂ ಕರೆದೊಯ್ಯುತ್ತಿದ್ದರು. ಸುಳಿ ನೋಡುವುದು, ಹಲ್ಲು ನೋಡುವುದು, ಗಂಗೆದೊಗಲು ಸವರುವುದು, ಇವೆಲ್ಲ ಆದಮೇಲೆ ಅಪ್ಪ ಹಗ್ಗವನ್ನು ತಮ್ಮ ಕೈಗೆ ಇಸಿದುಕೊಂಡು ಕರುವನ್ನು ಹತ್ತು ಹೆಜ್ಜೆ ನಡೆಸುತ್ತಿದ್ದರು. ಆಮೇಲೆ ಎದೆಗೆ ಕೈಕೊಟ್ಟು ಹಿಂದಕ್ಕೆ ತಳ್ಳುತ್ತಿದ್ದರು. "ಕೊಂಬು ನೋಡಿ ಮೋಸ ಹೋಗ್ಬೇಡ ಕಣ್ಲಾ. ಮುಂದಕ್ಕೆ ಎಲ್ಲಾ ಕರನೂ ನಡೀತದೆ. ಹಿಂದಕ್ಕೆ ಕಾಲಿಡೋದ ನೋಡು," ಎನ್ನುತ್ತಿದ್ದರು. ಹಿಂದಕ್ಕೆ ಸರಿಯುವಾಗ ಗೊರಸು ಒಂದರ ಮೇಲೊಂದು ಬಿದ್ದರೆ, ಎಷ್ಟೇ ಚೆಂದದ ಕರುವಾದರೂ ಬೆಲೆ ಕುದುರಿಸಲು ಟವೆಲಿನ ಕೆಳಗೆ ಕೈ ಇಡುತ್ತಲೇ ಇರಲಿಲ್ಲ.

ಕಬಡ್ಡಿಯಲ್ಲಿ ಇದು ಅಕ್ಷರಶಃ ನಿಜ. ಎದುರಾಳಿಯ ಅಂಗಳಕ್ಕೆ ನುಗ್ಗುವುದು ಯಾವ ಗಟ್ಟಿ ಎದೆಯ ಹುಡುಗನಿಗೂ ಬರುತ್ತದೆ. ನಡುಗೆರೆಯಿಂದ ಬಾಕ್ ಲೈನಿಗೆ ಮೂರೂಮುಕ್ಕಾಲು ಮೀಟರ್. ಅಲ್ಲಿಂದ ಬೋನಸ್ ಗೆರೆಗೆ ಇನ್ನೊಂದು ಮೀಟರ್. ಮೂವತ್ತು ಸೆಕೆಂಡಿನೊಳಗೆ ಹೋಗಿ ಬರಬೇಕು, ಉಸಿರು ಬಿಡದೆ ಕಬಡ್ಡಿ ಎನ್ನುತ್ತಲೇ ಇರಬೇಕು, ಏಳು ಜನರ ಮಧ್ಯೆ ಒಬ್ಬನೇ ಇರಬೇಕು. ಅಷ್ಟು ದೂರ ಹೋದವನು ಅಷ್ಟೇ ದೂರ ವಾಪಸು ಬರಬೇಕು, ಅದೂ ಅವರಿಗೆ ಬೆನ್ನು ಕೊಡದೆ. ರೈಡರ್ ಸಿಕ್ಕಿಬೀಳುವುದು ಬಹುಪಾಲು ಆ ವಾಪಸು ಬರುವ ಒಂದೂವರೆ ಹೆಜ್ಜೆಯಲ್ಲಿ. ತಿರುಗುವಾಗ ಕಾಲು ಕತ್ತರಿಯಾದರೆ ಮೂಲೆಯಲ್ಲಿ ನಿಂತವನು ಹರಡಿಗೆ ಕೈ ಹಾಕಿಯೇ ಬಿಡುತ್ತಾನೆ. ಮುಟ್ಟಿದ ಕ್ಷಣದಲ್ಲೇ ಮೈಭಾರ ಹಿಂಗಾಲಿಗೆ ಬಂದಿರಬೇಕು. ಕೈ ಇನ್ನೂ ಎದುರಾಳಿಯ ಹೆಗಲ ಮೇಲಿರುವಾಗಲೇ ಕಾಲು ಮನೆಯ ದಾರಿ ಹಿಡಿದಿರಬೇಕು. ಇದನ್ನು ಹೇಳಿಕೊಡಬಹುದು. ಆದರೆ ಕೆಲವು ಹುಡುಗರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ, ಕಾಲು ತಾನೇ ಕಲಿತಿರುತ್ತದೆ. ಅಂಥ ಕಾಲು ಕಂಡ ರಾತ್ರಿ ನಾನು ಮನೆಗೆ ಹೋಗಿ ಮಲಗಿದರೂ ನಿದ್ದೆ ಬರುವುದಿಲ್ಲ.

ಹಿಡಿಯುವವರನ್ನು ನೋಡುವ ರೀತಿ ಬೇರೆ. ಕಾರ್ನರಿನವನಿಗೆ ಬೇಕಾದದ್ದು ತಾಳ್ಮೆ. ಅವಸರಪಟ್ಟು ಕಾಲಿಗೆ ಬಿದ್ದವನು ಅಂಕ ಕೊಟ್ಟು ಹೊರಗೆ ಕೂರುತ್ತಾನೆ. ಕವರ್‌ನಲ್ಲಿ ನಿಂತವನು ಪಕ್ಕದವನ ಕೈಯನ್ನು ಹೇಗೆ ಹಿಡಿದಿದ್ದಾನೆ ಎಂದು ನೋಡಬೇಕು. ಬಿಗಿಯಾಗಿ ಹಿಡಿದಿದ್ದರೆ ಅವನಿಗೆ ಭಯ. ಸಡಿಲವಾಗಿ, ಆದರೆ ಬಿಡದಂತೆ ಹಿಡಿದಿದ್ದರೆ ಅವನು ಪಕ್ಕದವನ ಮೈಯ ಅಲುಗಾಟದಿಂದಲೇ ಮುಂದಿನದನ್ನು ತಿಳಿಯುತ್ತಿದ್ದಾನೆ. ಔಟಾಗಿ ಹೊರಗೆ ಕೂತವನನ್ನೂ ನೋಡಬೇಕು. ಔಟಾದ ಸರದಿಯಲ್ಲೇ ಒಳಗೆ ಕರೆಯುತ್ತಾರಾದ್ದರಿಂದ ಕೆಲವರು ಆ ಹೊತ್ತಿನಲ್ಲಿ ನೀರು ಕುಡಿದು ಗೆಳೆಯರ ಜೊತೆ ಹರಟುತ್ತಾರೆ. ಕೆಲವರು ಎದುರು ತಂಡದ ಎಡಮೂಲೆಯವನ ಮೇಲೇ ಕಣ್ಣು ನೆಟ್ಟಿರುತ್ತಾರೆ. ಈ ಎರಡನೆಯವರ ಹೆಸರನ್ನು ನಾನು ಬರೆದುಕೊಳ್ಳುತ್ತೇನೆ, ಆವತ್ತು ಅವರು ಒಂದೂ ಅಂಕ ತರದಿದ್ದರೂ.

ಮಣ್ಣಿಗೂ ಮ್ಯಾಟಿಗೂ ಇರುವ ಅಂತರವನ್ನು ಮರೆತರೆ ಇಷ್ಟೂ ನೋಡಿದ್ದು ವ್ಯರ್ಥ. ನಮ್ಮ ಹುಡುಗರು ಬರಿಗಾಲಲ್ಲಿ ಆಡಿ ಬೆಳೆದವರು. ಮಣ್ಣಿನಲ್ಲಿ ಪಾದ ಒಂದು ಗೇಣು ಜಾರಿ ನಿಲ್ಲುತ್ತದೆ, ಆ ಜಾರುವಿಕೆಯನ್ನೇ ನಂಬಿ ಅವರು ತಿರುಗುತ್ತಾರೆ. ಮ್ಯಾಟಿನ ಮೇಲೆ ಶೂ ಕಚ್ಚಿಕೊಳ್ಳುತ್ತದೆ. ಪಾದ ನಿಂತಲ್ಲೇ ನಿಂತು ಮೈ ತಿರುಗಿದರೆ ಮಂಡಿ ಹೋಗುತ್ತದೆ. ಆದ್ದರಿಂದ ನಾನು ಮಳೆ ಬಿದ್ದ ಮಾರನೆಯ ದಿನದ ಪಂದ್ಯಗಳನ್ನು ತಪ್ಪಿಸುವುದಿಲ್ಲ. ಅಂಟುವ ನೆಲದಲ್ಲಿ ಯಾರು ಹೆಜ್ಜೆಯನ್ನು ಚಿಕ್ಕದು ಮಾಡಿಕೊಳ್ಳುತ್ತಾರೋ ಅವರಿಗೆ ಮ್ಯಾಟು ಬೇಗ ಒಗ್ಗುತ್ತದೆ.

2020ರ ಮಾರ್ಚಿನಲ್ಲಿ ಕೊರೊನಾ ಬಂದು ಎಲ್ಲ ನಿಂತುಹೋಯಿತು. ಆ ವರ್ಷ ಪ್ರೊ ಕಬಡ್ಡಿ ಲೀಗ್ ನಡೆಯಲೇ ಇಲ್ಲ. 2014ರಲ್ಲಿ ಶುರುವಾದಾಗಿನಿಂದ ಒಂದು ವರ್ಷವೂ ತಪ್ಪದೆ ಬಂದಿದ್ದ ಆಟ ಅದು. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಮೊದಲ ಸಲ ಗೆದ್ದಾಗ, ಫೈನಲ್‌ನಲ್ಲಿ ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದಾಗ, ನಮ್ಮ ಕಡೆ ಮೈಮೇಲೆ ಬನೀನು ನಿಲ್ಲುವ ಪ್ರತಿಯೊಬ್ಬ ಹುಡುಗನೂ ತಾನೇ ಪವನ್ ಎಂದುಕೊಂಡಿದ್ದ. ಅದೇ ವರ್ಷದ ಅಕ್ಟೋಬರಿನಲ್ಲಿ ನಮ್ಮ ರಾಜ್ಯದ, ಅರ್ಜುನ ಪ್ರಶಸ್ತಿ ಪಡೆದ ಬಿ.ಸಿ. ರಮೇಶ್ ತರಬೇತಿ ಕೊಟ್ಟ ಬೆಂಗಾಲ್ ವಾರಿಯರ್ಸ್ ಗೆದ್ದಿತ್ತು. ಇಷ್ಟೆಲ್ಲ ಕಾವೇರಿದ್ದ ಹೊತ್ತಿನಲ್ಲಿ ಗೆರೆಯ ಮೇಲೆ ಹುಲ್ಲು ಬೆಳೆಯಿತು.

ಲೀಗಿನ ಆಟಗಾರರ ಮುಂದಿನ ಹರಾಜು 2021ರ ಆಗಸ್ಟ್ 29ರಿಂದ 31ರವರೆಗೆ ಮುಂಬೈಯಲ್ಲಿ ಎಂದು ನಿಗದಿಯಾಯಿತು. ಅದಕ್ಕೆ ಒಂದು ತಿಂಗಳ ಮೊದಲು ಮೈಸೂರಿನಿಂದ ಹಳೆಯ ಪರಿಚಯದ ತರಬೇತುದಾರರೊಬ್ಬರು ಫೋನ್ ಮಾಡಿದರು. "ಅಣ್ಣ, ನಿಮ್ಮ ಕಡೆ ಹುಡುಗರು ಯಾರಾದರೂ ಇದ್ದರೆ ಹೇಳಿ. ಹರಾಜಿಗಲ್ಲ, ಹೊಸಬರನ್ನ ಅಭ್ಯಾಸಕ್ಕೆ ಕರೆಯೋರು ಕೇಳ್ತಾ ಇದಾರೆ. ಒಂದೂವರೆ ವರ್ಷದಿಂದ ಯಾರೂ ಯಾರ ಆಟನೂ ನೋಡಿಲ್ಲ." ಆ ಹರಾಜಿನಲ್ಲಿ ಎ, ಬಿ, ಸಿ, ಡಿ ಎಂಬ ನಾಲ್ಕು ದರ್ಜೆ ಇದ್ದವು. ಎ ದರ್ಜೆಯ ಮೂಲಬೆಲೆ 30 ಲಕ್ಷ, ಡಿ ದರ್ಜೆಯದು 6 ಲಕ್ಷ ಇತ್ತು. ಆ ಏಣಿಯ ಕೆಳಗಿನ ಮೆಟ್ಟಿಲಿಗೂ ಎಟುಕದ ಹೊಸ ಹುಡುಗರಿಗೆಂದು ಬೇರೊಂದು ಬಾಗಿಲಿದೆ. ಹರಿಯಾಣದ ನವೀನ್ ಕುಮಾರ್ 2018ರಲ್ಲಿ ದಬಂಗ್ ಡೆಲ್ಲಿಗೆ ಬಂದದ್ದು ಆ ಬಾಗಿಲಿನಿಂದಲೇ, ಹದಿನೆಂಟರ ಪ್ರಾಯದಲ್ಲಿ.

ಇಂಥ ಇಕ್ಕಟ್ಟು ಆಗ ಲೋಕದ ಎಲ್ಲ ಕಡೆಯೂ ಇತ್ತು. ಅಮೆರಿಕದಲ್ಲಿ ಬೇಸ್‌ಬಾಲ್ ತಂಡಗಳು ಪ್ರತಿವರ್ಷ ಶಾಲೆ ಕಾಲೇಜಿನ ಹುಡುಗರನ್ನು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಮೊದಲು ನಲವತ್ತು ಸುತ್ತು ಇರುತ್ತಿದ್ದ ಆ ಆಯ್ಕೆಯನ್ನು 2020ರ ಜೂನ್‌ನಲ್ಲಿ ಐದೇ ಸುತ್ತಿಗೆ ಇಳಿಸಿದರು. ಒಟ್ಟು 160 ಹುಡುಗರಿಗೆ ಮಾತ್ರ ಜಾಗ. ಋತು ಅರ್ಧಕ್ಕೆ ನಿಂತಿದ್ದರಿಂದ, ಆರಿಸುವವರ ಕೈಯಲ್ಲಿ ಇದ್ದದ್ದು ಹಳೆಯ ಟಿಪ್ಪಣಿಗಳು ಮತ್ತು ವಿಡಿಯೋಗಳು. ಅಲ್ಲಿಯೂ ಯಾರೋ ನನ್ನಂಥವರು ಮೈದಾನದ ಅಂಚಿನಲ್ಲಿ ಕೂತು ಬರೆದಿಟ್ಟ ಪುಟಗಳನ್ನು ತಿರುವಿ ಹಾಕಿರುತ್ತಾರೆ. ಅವರಿಗೂ ನನಗೂ ಎದುರಾದ ಪ್ರಶ್ನೆ ಒಂದೇ: ಬೆಳೆಯುವ ವಯಸ್ಸಿನ ಹುಡುಗನನ್ನು ಕಣ್ಣಾರೆ ನೋಡದೆ ಅವನ ಬಗ್ಗೆ ಮಾತು ಕೊಡುವುದು ಹೇಗೆ?

ನಾನು ನೋಟ್‌ಬುಕ್ ತೆಗೆದೆ. ಹದಿನಾಲ್ಕು ಹೆಸರು ಇದ್ದವು. ಅದರಲ್ಲಿ ಮೂರಕ್ಕೆ ಅಡಿಗೆರೆ ಎಳೆದಿದ್ದೆ. ಮಹಾಲಿಂಗೇಶ್ವರನ ಗುಡಿಗೆ ಹೋಗಿ ಕೈಮುಗಿದು, ಬೈಕ್ ಹತ್ತಿ ಮೂವರ ಊರಿಗೂ ಹೋದೆ.

ಮೊದಲನೆಯವನು ಬಲಗಡೆಯ ಕಾರ್ನರ್. ಕಂಡಾಗ ಹದಿನೇಳು ವರ್ಷ, ಅರವತ್ತಾರು ಕೆ.ಜಿ. ಆಗ ಜೂನಿಯರ್ ವಿಭಾಗಕ್ಕೆ ಇಪ್ಪತ್ತು ವರ್ಷ, ಎಪ್ಪತ್ತು ಕೆ.ಜಿ. ಮಿತಿ ಇತ್ತು. ತೂಕದ ದಿನ ಹುಡುಗರು ಊಟ ಬಿಟ್ಟು, ಸ್ವೆಟರ್ ತೊಟ್ಟು ಓಡಿ ಬೆವರು ಸುರಿಸುತ್ತಾರೆ, ಅದೊಂದು ದೊಡ್ಡ ತಪಸ್ಸು. ಇವನು ಡೈರಿಯ ತೂಕದ ಯಂತ್ರದ ಮೇಲೆ ನಿಂತ. ಎಪ್ಪತ್ತೊಂಬತ್ತು! ಮೈ ತುಂಬಿದೆ, ಎತ್ತರವೂ ಬೆಳೆದಿದೆ. ಕಬ್ಬಿನ ಗದ್ದೆಯಲ್ಲಿ ದುಡಿದು ಹೆಗಲು ಅಗಲವಾಗಿದೆ. ಜೂನಿಯರ್ ಕೈತಪ್ಪಿತು, ಸೀನಿಯರಿಗೆ ಬಂದ. ಸೀನಿಯರ್ ಮಿತಿ ಎಂಬತ್ತೈದು. ರಾಗಿ ಕಣದಲ್ಲಿ ಅವನ ತಮ್ಮನನ್ನು ರೈಡಿಗೆ ಕಳಿಸಿ ನೋಡಿದೆ. ಕಾಲಿಗೆ ಬೀಳುವ ವೇಗ ಕಡಿಮೆಯಾಗಿತ್ತು, ಆದರೆ ಅವನು ಹಿಡಿದರೆ ಬಿಡಿಸಿಕೊಳ್ಳುವುದು ಸಾಧ್ಯವಿರಲಿಲ್ಲ. ಕಾರ್ನರ್ ಅಲ್ಲ, ಕವರ್ ಎಂದು ಬರೆದೆ.

ಎರಡನೆಯವನು ಪೀಣ್ಯದ ಕಡೆ ಕೆಲಸಕ್ಕೆ ಸೇರಿದ್ದ. ಅವರವ್ವ ಫೋನ್ ಹಚ್ಚಿಕೊಟ್ಟರು. "ಸಾ, ರಜ ಕೊಡಲ್ಲ ಸಾ," ಎಂದ. ದನಿಯಲ್ಲಿ ಆಸೆ ಇತ್ತು. ಅವನ ಬೋನಸ್ ಹೆಜ್ಜೆಯಷ್ಟು ಅಚ್ಚುಕಟ್ಟಾದದ್ದನ್ನು ನಮ್ಮ ತಾಲ್ಲೂಕಿನಲ್ಲಿ ನಾನು ನೋಡಿರಲಿಲ್ಲ. ಆದರೂ ಒಂದೂವರೆ ವರ್ಷ ಅಂಕಣ ಮುಟ್ಟದವನ ಹೆಸರನ್ನು ಹಳೆಯ ನೆನಪಿನ ಮೇಲೆ ಕಳಿಸುವುದು ಅವನಿಗೂ ಅನ್ಯಾಯ, ಕೇಳಿದವರಿಗೂ ಅನ್ಯಾಯ. ಆ ಹೆಸರು ಬಿಟ್ಟೆ. ಬಿಟ್ಟ ನೋವು ಈಗಲೂ ಇದೆ.

ಮೂರನೆಯವನು ಎಡಗಾಲಿನ ರೈಡರ್. ನಮ್ಮಲ್ಲಿ ರೈಡಿಗೆ ಬರುವವರು ಹೆಚ್ಚಾಗಿ ಬಲಗಡೆಗೆ ತಿರುಗಿ ಮನೆ ಸೇರುತ್ತಾರೆ. ಇವನು ಎಡಕ್ಕೆ ತಿರುಗುತ್ತಿದ್ದ. ಬಲಗೈಯಲ್ಲಿ ಮುಟ್ಟುವ ಹೊತ್ತಿಗೆ ಎಡಗಾಲು ಆಗಲೇ ಒಂದು ಮೊಳ ಹಿಂದೆ ಊರಿರುತ್ತಿತ್ತು. ಹಿಡಿಯಲು ನೆಗೆದವರು ಗಾಳಿ ಹಿಡಿದು ಮಣ್ಣು ಮುಕ್ಕುತ್ತಿದ್ದರು. ಅವನ ಮನೆಯಂಗಳಕ್ಕೆ ಹೋದಾಗ ದನ ಬಿಚ್ಚುತ್ತಿದ್ದ. ಏನೂ ಹೇಳದೆ ಸುಣ್ಣ ತರಿಸಿ ಎರಡು ಗೆರೆ ಎಳೆದೆ. ಹತ್ತು ಸಲ ಹೋಗಿ ಬಾ ಎಂದೆ. ಹತ್ತೂ ಸಲ ಎಡಗಾಲು ಒಂದೇ ಕಡೆ ಬಿತ್ತು. ಹೆಜ್ಜೆಗುರುತಿನ ಮೇಲೆ ಹೆಜ್ಜೆಗುರುತು. ಅಪ್ಪ ಇದ್ದಿದ್ದರೆ ಟವೆಲ್ ಕೊಡವುತ್ತಿದ್ದರು.

ಎರಡು ಹೆಸರು ಕಳಿಸಿದೆ. ಕವರ್‌ನ ಹುಡುಗನನ್ನು ಮೈಸೂರಿನ ಅಭ್ಯಾಸ ಶಿಬಿರಕ್ಕೆ ಕರೆದರು. ಎಡಗಾಲಿನವನಿಗೂ ಕರೆ ಬಂದಿತ್ತು, ಆದರೆ ಆ ವಾರವೇ ಅವರಪ್ಪನಿಗೆ ಹುಷಾರು ತಪ್ಪಿ ಹೋಗಲಾಗಲಿಲ್ಲ.

ಹರಾಜಿನಲ್ಲಿ ಪರ್ದೀಪ್ ನರ್ವಾಲ್‌ಗೆ ಯು.ಪಿ. ಯೋಧಾ 1.65 ಕೋಟಿ ಕೊಟ್ಟಿತು. ಡಿಸೆಂಬರ್ 22ರಿಂದ ಆಟ. ಎಲ್ಲ ಪಂದ್ಯಗಳೂ ಬೆಂಗಳೂರಿನ ವೈಟ್‌ಫೀಲ್ಡಿನ ಒಂದೇ ಹೋಟೆಲಿನಲ್ಲಿ, ಪ್ರೇಕ್ಷಕರಿಲ್ಲದೆ ನಡೆದವು. ನಮ್ಮ ನೆಲದಲ್ಲೇ ನಡೆದರೂ ಟಿವಿಯಲ್ಲೇ ನೋಡಬೇಕಾಯಿತು. ಜನರ ಗದ್ದಲ ಇಲ್ಲದ್ದರಿಂದ ರೈಡರಿನ ಕಬಡ್ಡಿ ಕಬಡ್ಡಿ ಎಂಬ ಉಸಿರು, ಮ್ಯಾಟಿನ ಮೇಲೆ ಶೂ ತಿಕ್ಕುವ ಸದ್ದು, ಹಿಡಿಯುವವರು ಒಬ್ಬರಿಗೊಬ್ಬರು ಕೂಗಿ ಹೇಳುವುದು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಮೂಲೆಯಲ್ಲಿ ಕೂತು ನೋಡಿದಷ್ಟೇ ಹತ್ತಿರವಾಯಿತು ಆ ಆಟ. ಪುತ್ತೂರಿನ ಕಡೆಯ ಪ್ರಶಾಂತ್ ಕುಮಾರ್ ರೈ ನಾಯಕನಾಗಿದ್ದ ಪಾಟ್ನಾ ಪೈರೇಟ್ಸ್ ಫೈನಲ್‌ಗೆ ಬಂದು, 36-37ರಲ್ಲಿ, ಒಂದೇ ಅಂಕದಿಂದ ಡೆಲ್ಲಿಗೆ ಸೋತಿತು. ಗೆದ್ದ ಡೆಲ್ಲಿಯಲ್ಲಿ ನವೀನ್ ಇದ್ದ. ಅವನು ಮುಟ್ಟಿ ಹಿಂದಕ್ಕೆ ಬರುವ ರೀತಿಯನ್ನು ನಾನು ಅದೆಷ್ಟು ಸಲ ನೋಡಿದೆನೋ.

ಕವರ್‌ನ ಹುಡುಗ ಶಿಬಿರ ಮುಗಿಸಿ ಬಂದು, ಈಗ ಮೈಸೂರಿನ ಒಂದು ತಂಡಕ್ಕೆ ಆಡುತ್ತಾನೆ. ಪೀಣ್ಯದವನು ಅಲ್ಲೇ ಇದ್ದಾನೆ. ಎಡಗಾಲಿನವನು ದಿನಾ ಬೆಳಗ್ಗೆ ಕ್ಯಾನು ಹಿಡಿದು ಡೈರಿಗೆ ಬರುತ್ತಾನೆ, ಗಣಪತಿ ಹಬ್ಬಕ್ಕೆ ಊರ ತಂಡದಲ್ಲಿ ಆಡುತ್ತಾನೆ. ಇಪ್ಪತ್ತೈದು ವರ್ಷದಿಂದ ನಾನು ನೋಡಿದ ರೈಡರುಗಳಲ್ಲಿ ಅವನೇ ಎಲ್ಲರಿಗಿಂತ ಮೇಲು.