ಬಳೆ ಮಂಟಪದಲ್ಲಿ ನೆನಪಾದ ಡಾಬು

ಬೇಸಿಗೆ ರಜೆಯಲ್ಲಿ ಮೊಮ್ಮಗಳ ಜೊತೆ ಕೊಳ್ಳೇಗಾಲದಿಂದ ಬಸ್ಸು ಹತ್ತಿ ಯಳಂದೂರಿಗೆ ಹೋಗಿದ್ದೆ. ಅಲ್ಲಿನ ಗೌರೀಶ್ವರ ದೇವಸ್ಥಾನದ ಹೆಬ್ಬಾಗಿಲೇ ಬಳೆ ಮಂಟಪ. ಮೂಲೆಗಳಲ್ಲಿ ಕಲ್ಲಿನ ಸರಪಳಿ, ಬಳೆಯೊಳಗೆ ಬಳೆ. ಅದಕ್ಕೇ ಆ ಹೆಸರು.

“ತಾತ, ಕಲ್ಲನ್ನು ಬಗ್ಗಿಸಿ ಸಿಕ್ಕಿಸಿದ್ದು ಹೇಗೆ?”

“ಬಗ್ಗಿಸಿಲ್ಲ ಮಗಾ. ಒಂದೇ ಕಲ್ಲಿನಲ್ಲಿ ಬೇಡದ್ದನ್ನು ಕೆತ್ತಿ ತೆಗೆದಿದ್ದಾರೆ. ಬೆಳ್ಳಿಯಾದರೆ ತಂತಿ ಎಳೆದು ಹೆಣೆಯಬಹುದು. ಹನೂರಿನಲ್ಲಿ ನನ್ನ ಅವ್ವನ ಸೊಂಟದ ಡಾಬು ಹಾಗೇ ಹೆಣೆದದ್ದು.”

ಹೆಣೆಯುವುದನ್ನೂ ವಿವರಿಸಿದೆ. ಆಚಾರ್ರು ಬೆಳ್ಳಿಯನ್ನು ಕಾಯಿಸಿ ಬಡಿದು, ಉಕ್ಕಿನ ಪಟ್ಟಿಯ ತೂತುಗಳಲ್ಲಿ ಎಳೆಯುತ್ತಾರೆ. ಮೊದಲು ದೊಡ್ಡ ತೂತು, ಆಮೇಲೆ ಸಣ್ಣದು, ಇನ್ನೂ ಸಣ್ಣದು. ಎಳೆದಷ್ಟೂ ತಂತಿ ಗಡುಸು. ಮತ್ತೆ ಕಾಯಿಸಿದರೆ ಮೆದು. ತಂತಿಯನ್ನು ಉಂಗುರ ಮಾಡಿ ಬೆಸೆದು, ಉದ್ದಕ್ಕೆ ಅಮುಕಿ ಮಡಿಸುತ್ತಾರೆ. ಒಂದರ ಕಣ್ಣಿನೊಳಗೆ ಮುಂದಿನದನ್ನು ತೂರಿಸುತ್ತಾ ಹೋಗುತ್ತಾರೆ. ಆಮೇಲೆ ಬೆಸುಗೆಯೇ ಬೇಡ. ಹೆಣಿಗೆ ಹಗ್ಗದಂತೆ ಬಳುಕುತ್ತದೆ.

“ಆ ಡಾಬು ಈಗ ಎಲ್ಲಿದೆ ತಾತ?”

ನಾನು ಸುಮ್ಮನಾದೆ. ಬ್ಯಾಂಕಿನಲ್ಲಿ ಚಿನ್ನದ ಸಾಲ ಕೊಡುವಾಗ ನಾವು ನೋಡುತ್ತಿದ್ದದ್ದು ತೂಕ ಮತ್ತು ಅಪ್ಪಟತನ. ಕೆಲಸಗಾರಿಕೆಗೆ ಲೆಕ್ಕದಲ್ಲಿ ಸೊನ್ನೆ. ಅದೇ ಲೆಕ್ಕ ಮನೆಗೂ ಬಂತು. ಅವ್ವ ಹೋದ ಮೇಲೆ ಡಾಬನ್ನು ತೂಕಕ್ಕೆ ಹಾಕಿದೆ. ತಿಂಗಳುಗಟ್ಟಲೆ ಕೂತು ಯಾರೋ ಹೆಣೆದದ್ದು ಕುಲುಮೆಯಲ್ಲಿ ಕರಗಿಹೋಯಿತು.

“ಮಾರಿಬಿಟ್ಟೆ” ಎಂದೆ. ಅವಳು ಏನೂ ಅನ್ನಲಿಲ್ಲ. ತಲೆ ಎತ್ತಿ ಕಲ್ಲಿನ ಬಳೆಗಳನ್ನು ಎಣಿಸತೊಡಗಿದಳು.

ಮಕ್ಕಳೇ, ಅಜ್ಜಿಯ ಪೆಟ್ಟಿಗೆಯಲ್ಲಿ ಹೆಣೆದ ಸರವಿದ್ದರೆ ಕೇಳಿ ಪಡೆದು, ಅದರ ಕಣ್ಣುಗಳನ್ನು ಎಣಿಸಿ ನೋಡಿ. ಹಿರಿಯರೇ, ತೂಕಕ್ಕೆ ಹಾಕುವ ಮುಂಚೆ ಮೊಮ್ಮಕ್ಕಳನ್ನೂ ಒಂದು ಮಾತು ಕೇಳಿ.