ಬೊಂಡೈ ಬಂಡೆಗಳ ಮೇಲೆ ಶಿಲ್ಪಗಳ ಸಾಲು

ಬೊಂಡೈ ಎಂದರೆ ತಿನ್ನುವ ಬೋಂಡಾ ಅಲ್ಲ, ಮಕ್ಕಳೇ! ಆಸ್ಟ್ರೇಲಿಯದ ಸಿಡ್ನಿ ನಗರದ ಪೂರ್ವಕ್ಕೆ, ಕಡಲಿಗೆ ಅಂಟಿಕೊಂಡಿರುವ ಬಡಾವಣೆ. ನಮ್ಮಲ್ಲಿ ದೀಪಾವಳಿ ಬರುವ ಹೊತ್ತಿಗೆ ಅಲ್ಲಿ ವಸಂತಕಾಲ. ಆಗ ಬೊಂಡೈನಿಂದ ಟ್ಯಾಮರಾಮಾ ಎಂಬ ಪುಟ್ಟ ಕಡಲತೀರದವರೆಗೆ, ಬಂಡೆಗಳ ಅಂಚಿನ ಸುಮಾರು 2 ಕಿಲೋಮೀಟರ್ ಕಾಲುದಾರಿಯಲ್ಲಿ ನೂರರಷ್ಟು ಹೊಸ ಶಿಲ್ಪಗಳು ಬಂದು ನಿಲ್ಲುತ್ತವೆ. ‘ಸ್ಕಲ್ಪ್ಚರ್ ಬೈ ದ ಸೀ’ ಎಂದು ಈ ಪ್ರದರ್ಶನದ ಹೆಸರು. ಡೇವಿಡ್ ಹ್ಯಾಂಡ್ಲಿ ಎಂಬವರು 1997ರಲ್ಲಿ ಶುರು ಮಾಡಿದರು. ಕೋವಿಡ್ ಬಂದಾಗ 2020 ಮತ್ತು 2021ರಲ್ಲಿ ನಡೆಯಲಿಲ್ಲ. 2022ರಲ್ಲಿ ಮತ್ತೆ ಶಿಲ್ಪಗಳು ಬಂದವು.

ಶಿಲ್ಪ ಎಂದೊಡನೆ ನಮಗೆ ಬೇಲೂರು, ಹಳೇಬೀಡು ಕಣ್ಣಮುಂದೆ ಬರುತ್ತವೆ. ಇಲ್ಲಿ ಶಿಲಾಬಾಲಿಕೆಯರಿಲ್ಲ. ಉಕ್ಕು, ಮರ, ಕಲ್ಲು, ಪ್ಲಾಸ್ಟಿಕ್ ಏನಾದರೂ ಆದೀತು. 2014ರಲ್ಲಿ ಆಂಡ್ರ್ಯೂ ಹ್ಯಾಂಕಿನ್ ಎಂಬ ಕಲಾವಿದ ಟ್ಯಾಮರಾಮಾದ ಮರಳಿನ ಮೇಲೆ ಹಿಡಿಕೆ ಸಮೇತ ದೈತ್ಯ ಕಾವಲಿಯೊಂದನ್ನು ಇಟ್ಟಿದ್ದರು. ‘ಇಲ್ಲಿ ಹುರಿದುಹೋಗುತ್ತಿದ್ದೇವೆ’ ಎನ್ನುವಂಥ ಹೆಸರು ಅದಕ್ಕೆ. ಬಿಸಿಲಿಗೆ ಮೈಯೊಡ್ಡಿ ಮಲಗುವವರ ಊರಿನಲ್ಲಿ ಎಂಥ ತಮಾಷೆ ನೋಡಿ!

ಮಗಳ ಮನೆಗೆ ಹೋದಾಗ ನಾವೂ ನೋಡಿ ಬಂದೆವು. ಮೊದಲ ನಾಲ್ಕಾರು ಶಿಲ್ಪ ಕಂಡು ನನ್ನ ಹೆಂಡತಿ, “ಯಾರೋ ಮನೆ ಖಾಲಿ ಮಾಡಿ ಸಾಮಾನು ಇಳಿಸಿ ಹೋದಹಾಗಿದೆಯಲ್ರೀ” ಎಂದಳು. ಕೆಲವು ನನಗೂ ಹಿಡಿಸಲಿಲ್ಲ. ಮುಂದೆ ಉಕ್ಕಿನ ದೊಡ್ಡ ಬಳೆಯಂಥದ್ದೊಂದು ನಿಂತಿತ್ತು. ಮೊಮ್ಮಗಳು ಅದರೆದುರು ಕುಕ್ಕರುಗಾಲಲ್ಲಿ ಕೂತು, “ತಾತ, ಇಲ್ಲಿ ಕೂತ್ಕೊಂಡು ನೋಡಿ, ಹಡಗು ಒಳಗೆ ಬಂತು!” ಎಂದು ಕೂಗಿದಳು. ನನ್ನ ಮಂಡಿ ಒಪ್ಪಲಿಲ್ಲ. ಅಜ್ಜಿ ಕೂತಳು, ಬಹಳ ಹೊತ್ತು ಏಳಲೇ ಇಲ್ಲ.

ಬ್ಯಾಂಕಿನಲ್ಲಿ ಲೆಕ್ಕ ಬರೆದವನಿಗೆ ದುಡ್ಡಿನ ಯೋಚನೆ ಬಿಟ್ಟೀತೇ? ಎಲ್ಲರೂ ಓಡಾಡುವ ದಾರಿ, ಟಿಕೆಟ್ ಇಲ್ಲ. ಶಿಲ್ಪ ಮಾಡುವುದು, ಲಾರಿಗೆ ಹೇರುವುದು, ಕ್ರೇನಿನಲ್ಲಿ ಇಳಿಸುವುದು, ಗಾಳಿಗೆ ಉರುಳದಂತೆ ಬಿಗಿಯುವುದು, ಎಲ್ಲಕ್ಕೂ ಖರ್ಚು. ಶಿಲ್ಪ ಮಾರಾಟವಾದರೆ ಸರಿ. ಆಗದಿದ್ದರೆ ಅದನ್ನು ವಾಪಸು ಸಾಗಿಸುವ ಚಿಂತೆ ಕಲಾವಿದನಿಗೆ. ಲಕ್ಷಾಂತರ ಜನ ಪುಕ್ಕಟೆ ನೋಡುವ ಸಂತೋಷದ ಹಿಂದೆ ಇಂಥ ಸಾಲದ ಲೆಕ್ಕವೂ ಇರಬಹುದೆಂದು ಅನ್ನಿಸಿ, ಪ್ರದರ್ಶನದ ಪುಸ್ತಕವನ್ನಾದರೂ ಕೊಂಡೆ. ಅದರಲ್ಲಿದ್ದ ಬೆಲೆಗಳನ್ನು ನನ್ನ ಹೆಂಡತಿ ರೂಪಾಯಿಗೆ ತಿರುಗಿಸುತ್ತ ಬಸ್ಸಿನುದ್ದಕ್ಕೂ ಉಸಿರುಗರೆಯುತ್ತಿದ್ದಳು.

ಎರಡೂವರೆ ವಾರವಾದರೆ ಕ್ರೇನುಗಳು ಬಂದು ಎಲ್ಲವನ್ನೂ ಎತ್ತಿಕೊಂಡು ಹೋಗುತ್ತವೆ. ಬಂಡೆ, ಹುಲ್ಲು, ಅಲೆ ಮಾತ್ರ ಉಳಿಯುತ್ತವೆ.

ಹೋಗುವ ಅಜ್ಜ ಅಜ್ಜಿಯರಿಗೆ ಒಂದು ಮಾತು. ಬೊಂಡೈ ಜಂಕ್ಷನ್‌ವರೆಗೆ ರೈಲಿದೆ, ಅಲ್ಲಿಂದ 333ನೇ ನಂಬರಿನ ಬಸ್ಸು. ದಾರಿಯಲ್ಲಿ ಮೆಟ್ಟಿಲುಗಳು ಬಹಳ. ಮಂಡಿನೋವಿರುವವರು ನಡುವೆ ಸಿಗುವ ಮಾರ್ಕ್ಸ್ ಪಾರ್ಕ್‌ಗೆ ಕಾರಿನಲ್ಲೇ ಹೋಗಬಹುದು. ಹುಲ್ಲಿನ ಮೇಲೆ ಹತ್ತಾರು ಶಿಲ್ಪಗಳು ಒಟ್ಟಿಗೇ ಸಿಗುತ್ತವೆ. ಶನಿವಾರ, ಭಾನುವಾರ ಬೇಡ, ಜಾತ್ರೆಯಷ್ಟು ಜನ. ಗಾಳಿ ಜೋರು, ಟೋಪಿ ಭದ್ರ!