ಏರಿ ಮೇಲಿನ ಓಟ

ಕೊಯಮತ್ತೂರಿನ ಉಕ್ಕಡಂ ಅಂದರೆ ನಿಮಗೆ ಬಸ್ ಸ್ಟ್ಯಾಂಡ್ ನೆನಪಾಗಬಹುದು, ಇಲ್ಲವೇ 2024ರಲ್ಲಿ ತೆರೆದ ಆ ಉದ್ದನೆಯ ಮೇಲ್ಸೇತುವೆ. ನನಗೆ ನೆನಪಾಗುವುದು ಅಜ್ಜಿಯ ಬೈಗುಳ: "ಏರಿ ಮೇಲೆ ಓಡಬ್ಯಾಡವೋ, ಜಾರಿ ಬಿದ್ದೀಯ!"

ಅಲ್ಲಿನ ನಮ್ಮ ದೇವಾಂಗರ ಮನೆಗಳಲ್ಲಿ ಹೊಸಿಲೊಳಗೆ ಕನ್ನಡ, ಹೊರಗೆ ತಮಿಳು. ಅಜ್ಜಿಯ ಮಾತು ಕೇಳಿ ಪಕ್ಕದ ಮನೆ ಹುಡುಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ತಮಿಳಿನಲ್ಲಿ ಏರಿ ಅಂದರೆ ಕೆರೆಯೇ. ನಾನು ನೀರಿನ ಮೇಲೆ ಓಡುವ ಮಹಾಪುರುಷನಾಗಿಬಿಟ್ಟಿದ್ದೆ! ಇರುವುದೊಂದೇ ಮಾತು, ಪಾಲು ಮಾಡಿಕೊಳ್ಳುವಾಗ ಅವರು ನೀರನ್ನು ತೆಗೆದುಕೊಂಡರು, ನಮ್ಮ ಪಾಲಿಗೆ ಮಣ್ಣು ಬಂತು.

ಎಂಥಾ ಮಣ್ಣು ಅಂತೀರಿ! ಬೇಸಗೆಯಲ್ಲಿ ಬಿಸಿಬೂದಿಯ ಹಾಗೆ ಬೆರಳ ಸಂದಿಯಲ್ಲಿ ನುಸುಳುತ್ತಿತ್ತು, ಮಳೆ ಬಿದ್ದರೆ ಅಂಗಾಲು ಹಿಡಿದು ಬಿಡುತ್ತಲೇ ಇರಲಿಲ್ಲ. ವೆಳ್ಳಿಯಂಗಿರಿ ಬೆಟ್ಟದ ಮಳೆ ನೊಯ್ಯಲ್ ಹೊಳೆಯಾಗಿ ಇಳಿದು, ಕಾಲುವೆ ಹಿಡಿದು, ಸೆಲ್ವಚಿಂತಾಮಣಿ ಕೆರೆ ತುಂಬಿ, ಆಮೇಲೆ ನಮ್ಮ ಉಕ್ಕಡದ ಕೆರೆ ಪೆರಿಯಕುಳಕ್ಕೆ ಬರುತ್ತಿತ್ತು; ಇಲ್ಲೂ ಹೆಚ್ಚಾದರೆ ವಾಲಾಂಕುಳಕ್ಕೆ. 320 ಎಕರೆ ನೀರಿಗೆ ಬೆನ್ನು ಕೊಟ್ಟು ಏರಿ ಎಮ್ಮೆಯ ಹಾಗೆ ಮಲಗಿರುತ್ತಿತ್ತು. ನೀರಿನ ಮೇಲಿಂದ ಬರುವ ತಂಪುಗಾಳಿಯಲ್ಲಿ ಪಾಚಿ, ಮೀನು, ಒದ್ದೆ ಹುಲ್ಲು ಎಲ್ಲದರ ವಾಸನೆ. ಮನೆಗೆ ಬಂದರೆ ನೂಲಿಗೆ ಹಚ್ಚಿದ ಗಂಜಿಯ ಹುಳಿವಾಸನೆ, ಗುಂಡಿಮಗ್ಗದಲ್ಲಿ ಕಾಲಿಳಿಬಿಟ್ಟ ಅಪ್ಪನ ಲಾಳಿಯ ಲಟಕ್ ಪಟಕ್. ತೇವವಿದ್ದ ದಿನ ಎಳೆ ಕಡಿಯುವುದಿಲ್ಲ ಎಂದು ಅಪ್ಪನ ಮುಖವೂ ಸಡಿಲವಾಗಿರುತ್ತಿತ್ತು, ನನ್ನ ಕೆಸರುಗಾಲಿಗೆ ಏಟು ತಪ್ಪುತ್ತಿತ್ತು.

ಮಗ್ಗ ಹೋಯಿತು, ಗುಂಡಿ ಮುಚ್ಚಿ ಅದರ ಮೇಲೆ ಫ್ರಿಜ್ ಇಟ್ಟೆವು. 2013ರಲ್ಲಿ ಕೆರೆ ಬತ್ತಿದಾಗ ಊರಿನವರೆಲ್ಲ ಸೇರಿ ಹೂಳೆತ್ತಿದರು. ನಾನೂ ಎರಡು ಬುಟ್ಟಿ ಎತ್ತಿ, ನಾಲ್ಕು ದಿನ ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಂಡೆ. ಆಮೇಲೆ ಸ್ಮಾರ್ಟ್ ಸಿಟಿ ಬಂತು. ಏರಿಗೆ ನಡೆದಾಡುವ ಹಾದಿ, ಬಣ್ಣದ ದೀಪ. ಚೆನ್ನಾಗಿಯೇ ಇದೆ, ಸುಳ್ಳು ಯಾಕೆ ಹೇಳಲಿ. ಮಂಡಿನೋವಿನವನಿಗೆ ಸಮನೆಲವೇ ವಾಸಿ. ಸಂಜೆ ಹೆಜ್ಜಾರ್ಲೆಗಳು ಇಳಿಯುವುದನ್ನು ನೋಡುತ್ತ ಕೂರುತ್ತೇನೆ. ಚಪ್ಪಲಿ ಬಿಚ್ಚಿ ಕಾಲು ಊರಿದರೆ ಮಾತ್ರ ಏನೂ ಅಂಟುವುದಿಲ್ಲ.

ಮೊನ್ನೆ ಅಲ್ಲಿದ್ದಾಗ ಮಗಳ ಫೋನು, "ಎಲ್ಲಿದ್ದೀಯಪ್ಪಾ?"

"ಕುಳಕ್ಕರೈಲಿದ್ದೀನಮ್ಮಾ" ಅಂದುಬಿಟ್ಟೆ, ತಮಿಳಿನವರ ಹಾಗೆ.

ಫೋನು ಜೇಬಿಗಿಟ್ಟ ಮೇಲೆ ಹೊಳೆಯಿತು. ಏರಿ ಅನ್ನಬಹುದಿತ್ತು.